ಅಪ್ಪನಿಗೆ ಇಎಸ್‌ಐ ಇತ್ತು, ಮಾಲೀಕನಾದ ಮಗನಿಗೆ ಏನೂ ಇಲ್ಲ: ಜಿಎಸ್‌ಟಿ ಹೋದರೂ ಇಳಿಯದ ಆರೋಗ್ಯ ವಿಮೆ

ದಾವಣಗೆರೆ: ಹಳೇ ಪೇಟೆಯ ಓಣಿಯೊಂದರಲ್ಲಿ ಆಫ್‌ಸೆಟ್ ಪ್ರಿಂಟಿಂಗ್ ಪ್ರೆಸ್ ನಡೆಸುವ 51 ವರ್ಷದ ಮಾಲೀಕರೊಬ್ಬರಿಗೆ ಕಳೆದ ಫೆಬ್ರುವರಿಯಲ್ಲಿ ಮೊಬೈಲ್‌ಗೆ ಒಂದು ಮೆಸೇಜ್ ಬಂತು. ಆರೋಗ್ಯ ವಿಮೆ ರಿನ್ಯೂವಲ್ ಮಾಡಿಸಿ, ಕಟ್ಟಬೇಕಾದ ಮೊತ್ತ 38,400 ರೂಪಾಯಿ. ಲಗ್ನಪತ್ರಿಕೆ ಸೀಸನ್. ಮಷಿನ್ ಒಂದು ಕಡೆ ಓಡುತ್ತಿತ್ತು, ಇನ್ನೊಂದು ಕಡೆ ಪೇಪರ್ ಡೀಲರ್ ಹುಡುಗ ಬಾಕಿ ಕೇಳಲು ಬಂದು ನಿಂತಿದ್ದ. ಮಾಲೀಕರು ತಕ್ಷಣ ಏಜೆಂಟರಿಗೆ ಫೋನ್ ಹಚ್ಚಿದರು.

‘ಏನಪ್ಪಾ, ಜಿಎಸ್‌ಟಿ ತೆಗದ್ರು ಅಂತ ನೀನೇ ಹೇಳಿದ್ದಲ್ಲ. ಹೋದ ವರ್ಷ 37,760 ಕಟ್ಟೀನಿ. ಈ ವರ್ಷ ಕಮ್ಮಿ ಆಗ್ಬೇಕಿತ್ತು, 640 ಜಾಸ್ತಿ ಬಂದೈತಲ್ಲ?’

ಏಜೆಂಟರ ಉತ್ತರ ಚಿಕ್ಕದಾಗಿತ್ತು. ‘ಅಣ್ಣಾರೆ, ಜಿಎಸ್‌ಟಿ ಹೋಗಿರೋದು ನಿಜ. ಆದ್ರೆ ನಿಮಗೆ ಐವತ್ತು ದಾಟ್ತು, ಕಂಪನಿಯವರು ರೇಟೂ ರಿವೈಸ್ ಮಾಡ್ಯಾರ.’

ಜಿಲ್ಲೆಯ ಕಿರಾಣಿ ಅಂಗಡಿ, ಗ್ಯಾರೇಜು, ಖಾನಾವಳಿ, ಪ್ರೆಸ್, ಬಟ್ಟೆ ಅಂಗಡಿಗಳ ಮಾಲೀಕರಲ್ಲಿ ಸ್ವಂತ ದುಡ್ಡಿನಿಂದ ವಿಮೆ ಮಾಡಿಸಿಕೊಂಡವರಿಗೆ ಈ ಮಾತು ಹೊಸದಲ್ಲ. ಕಟ್ಟಿದರೆ ವ್ಯಾಪಾರಕ್ಕೆ ಹೊಡೆತ, ಬಿಟ್ಟರೆ ಮನೆಗೆ ಭಯ. ತೆರಿಗೆಯನ್ನೇ ತೆಗೆದುಹಾಕಿದ ಮೇಲೂ ಬಿಲ್ ಯಾಕೆ ಇಳಿಯಲಿಲ್ಲ? ಸಣ್ಣ ಮಾಲೀಕನಿಗೇ ಈ ಹೊರೆ ಯಾಕೆ ಇಷ್ಟು ಭಾರ?

18 ಪರ್ಸೆಂಟ್ ಎಲ್ಲಿಗೆ ಹೋಯಿತು?

2025ರ ಸೆಪ್ಟೆಂಬರ್ 3ರಂದು ನಡೆದ ಜಿಎಸ್‌ಟಿ ಮಂಡಳಿಯ 56ನೇ ಸಭೆ, ವೈಯಕ್ತಿಕ ಆರೋಗ್ಯ ವಿಮೆ ಮತ್ತು ಜೀವ ವಿಮೆ ಪಾಲಿಸಿಗಳ ಮೇಲಿದ್ದ ಶೇ 18ರಷ್ಟು ಜಿಎಸ್‌ಟಿಯನ್ನು ಪೂರ್ತಿ ಕೈಬಿಡಲು ತೀರ್ಮಾನಿಸಿತು. ಸೆಪ್ಟೆಂಬರ್ 22ರಿಂದ ಅದು ಜಾರಿಗೆ ಬಂತು. ಇಡೀ ಕುಟುಂಬಕ್ಕೆ ಒಂದೇ ಪಾಲಿಸಿ ಇರುವ ‘ಫ್ಯಾಮಿಲಿ ಫ್ಲೋಟರ್’ಗೂ ಈ ವಿನಾಯಿತಿ ಸಿಕ್ಕಿತು.

ಪ್ರೆಸ್ ಮಾಲೀಕರ ಲೆಕ್ಕವನ್ನೇ ಬಿಡಿಸಿ ನೋಡಬಹುದು. ಹೋದ ವರ್ಷ ಮೂಲ ಪ್ರೀಮಿಯಂ 32,000, ಅದರ ಮೇಲೆ ಜಿಎಸ್‌ಟಿ 5,760. ಒಟ್ಟು 37,760. ಈ ವರ್ಷ ಜಿಎಸ್‌ಟಿ ಸೊನ್ನೆ. ಆದರೆ ಮೂಲ ಪ್ರೀಮಿಯಂ ಶೇ 20ರಷ್ಟು ಏರಿ 38,400 ಆಗಿದೆ. ಅಂದರೆ ತೆರಿಗೆ ಇಳಿಸಿದ್ದರಿಂದ ಕೈಗೆ ಬರಬೇಕಿದ್ದ ದುಡ್ಡು ಒಂದೇ ವರ್ಷದಲ್ಲಿ ಕರಗಿಹೋಯಿತು.

ಮೂಲ ಪ್ರೀಮಿಯಂ ಶೇ 18 ಏರಿದರೆ ಸಾಕು, ಜಿಎಸ್‌ಟಿ ವಿನಾಯಿತಿಯ ಲಾಭ ಪೂರ್ತಿ ಹೋದಂತೆ. ಜೊತೆಗೆ ತೆರಿಗೆ ವಿನಾಯಿತಿ ಒಮ್ಮೆ ಸಿಗುವಂಥದ್ದು, ಪ್ರೀಮಿಯಂ ಏರಿಕೆ ಮತ್ತೆ ಮತ್ತೆ ಬರುವಂಥದ್ದು. ಮುಂದಿನ ವರ್ಷ ಮತ್ತೆ ರೇಟು ಏರಿದರೆ ತೆಗೆದುಹಾಕಲು ಇನ್ನೊಂದು ಜಿಎಸ್‌ಟಿ ಇರುವುದಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ತೆರಿಗೆ ಇದ್ದಾಗ ವಿಮಾ ಕಂಪನಿಗಳು ತಮ್ಮ ಖರ್ಚಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ರೂಪದಲ್ಲಿ ಹೊಂದಿಸಿಕೊಳ್ಳುತ್ತಿದ್ದವು. ಪಾಲಿಸಿಗೇ ವಿನಾಯಿತಿ ಬಂದ ಮೇಲೆ ಆ ದಾರಿ ಮುಚ್ಚಿತು. ಕಚೇರಿ ಬಾಡಿಗೆ, ಸಾಫ್ಟ್‌ವೇರ್, ಜಾಹೀರಾತು ಮುಂತಾದವುಗಳ ಮೇಲಿನ ತೆರಿಗೆ ಈಗ ಕಂಪನಿಯ ಖರ್ಚು. ಆ ಖರ್ಚು ಕೊನೆಗೆ ಯಾರ ತಲೆ ಮೇಲೆ ಕೂರುತ್ತದೆ ಎಂಬುದನ್ನು ವ್ಯಾಪಾರ ಮಾಡುವವರಿಗೆ ಬೇರೆಯಾಗಿ ಹೇಳಬೇಕಿಲ್ಲ.

ಪ್ರೆಸ್‌ನವರಿಗೆ ಇನ್ನೊಂದು ಏಟೂ ಬಿತ್ತು. ವಿಮೆಗೆ ವಿನಾಯಿತಿ ಕೊಟ್ಟ ಅದೇ ಸಭೆಯಲ್ಲೇ ಮುದ್ರಣ ಕಾಗದದ ಮೇಲಿನ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿತು.

ಮೂರು ಸೂರು, ಮೂರರ ಹೊರಗೂ ಮಾಲೀಕ

ಈ ಮಾಲೀಕರ ತಂದೆ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ಕಾರ್ಮಿಕರಾಗಿದ್ದವರು. ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರಿದ್ದ ಕಾಲ ಅದು. ‘ಅಪ್ಪಂದು ಸಂಬಳ ಕಮ್ಮಿನೇ ಇತ್ತು. ಆದ್ರೆ ಮನಿಯಾಗೆ ಯಾರಿಗೆ ಹುಷಾರಿಲ್ದಿದ್ರೂ ಇಎಸ್‌ಐ ಚೀಟಿ ಹಿಡ್ಕಂಡು ಹೋಗ್ತಿದ್ವಿ. ನಾನು ಮಾಲೀಕ ಅನ್ನಿಸ್ಕಂಡೆ. ನಂಗೆ ಯಾವ ಚೀಟೀನೂ ಇಲ್ಲ ನೋಡ್ರಿ’ ಎನ್ನುತ್ತಾರೆ ಅವರು.

ಇಎಸ್‌ಐ ಲೆಕ್ಕ ಈಗಲೂ ಸರಳ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗೆ ಅದು ಕಡ್ಡಾಯ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರು ಒಳಗೆ ಬರುತ್ತಾರೆ. ಕಾರ್ಮಿಕನ ಪಾಲು ಶೇ 0.75, ಮಾಲೀಕನ ಪಾಲು ಶೇ 3.25. ಸಂಬಳ 15,000 ಇದ್ದರೆ ಕಾರ್ಮಿಕನದು 112 ರೂಪಾಯಿ 50 ಪೈಸೆ, ಮಾಲೀಕನದು 487 ರೂಪಾಯಿ 50 ಪೈಸೆ. ಒಟ್ಟು ತಿಂಗಳಿಗೆ 600, ವರ್ಷಕ್ಕೆ 7,200. ಇಷ್ಟಕ್ಕೆ ಕಾರ್ಮಿಕ ಮತ್ತು ಅವನ ಕುಟುಂಬಕ್ಕೆ ಚಿಕಿತ್ಸೆ ಸಿಗುತ್ತದೆ. ವಯಸ್ಸು ಹೆಚ್ಚಾಯಿತು ಎಂದು ಕಂತು ಏರುವುದಿಲ್ಲ.

ಆದರೆ ಈ ಪ್ರೆಸ್‌ನಲ್ಲಿ ಇರುವುದು ಆರು ಜನ. ಹತ್ತು ಆಗದಿದ್ದರೆ ಇಎಸ್‌ಐ ಕಡ್ಡಾಯವಲ್ಲ. ಹತ್ತು ಆದರೂ ಒಳಗೆ ಹೋಗುವುದು ಕೆಲಸಗಾರರು. ಸ್ವಂತ ಸಂಸ್ಥೆಯ ಮಾಲೀಕ ತನಗೆ ತಾನೇ ನೌಕರ ಆಗುವಂತಿಲ್ಲ.

ಎರಡನೇ ಸೂರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ವಾರ್ಷಿಕ ಆದಾಯ 1.20 ಲಕ್ಷ ದಾಟಿದರೆ ಬಿಪಿಎಲ್ ಕಾರ್ಡ್ ಇಲ್ಲ. ತಿಂಗಳಿಗೆ ಹತ್ತು ಸಾವಿರ ಅಂದುಕೊಳ್ಳಿ, ಅದನ್ನು ದಾಟಿದವರೆಲ್ಲ ಕಾಗದದ ಮೇಲೆ ‘ಉಳ್ಳವರು’. ಎಪಿಎಲ್ ಕುಟುಂಬಕ್ಕೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.50 ಲಕ್ಷದ ಮಿತಿಯಲ್ಲಿ. ಒಂದು ಲಕ್ಷದ ಪ್ಯಾಕೇಜ್ ಆದರೆ 30 ಸಾವಿರ ಸರ್ಕಾರದ್ದು, 70 ಸಾವಿರ ಕೈಯಿಂದ.

ಮೂರನೇ ಸೂರು ಉದ್ಯೋಗದ ಜೊತೆ ಬರುವ ವಿಮೆ. ಬೆಂಗಳೂರಿನ ಐಟಿ ಕಂಪನಿ ಸೇರಿದ ಮಗನಿಗೆ ಕಂಪನಿಯೇ ಗುಂಪು ವಿಮೆ ಮಾಡಿಸುತ್ತದೆ. ಸರ್ಕಾರಿ ನೌಕರರಿಗೆ ಸರ್ಕಾರದ ಯೋಜನೆ ಇದೆ. ನಾಲ್ಕು ಜನರಿಗೆ ಕೆಲಸ ಕೊಟ್ಟ ಅಂಗಡಿಯವನಿಗೆ ಇದ್ಯಾವುದೂ ಇಲ್ಲ. ಅವನು ಕಂಪನಿಯ ಮುಂದೆ ಒಬ್ಬನೇ ನಿಲ್ಲುವ ಗಿರಾಕಿ. ಚೌಕಾಶಿ ಮಾಡುವ ತಾಕತ್ತು ಅವನಿಗಿಲ್ಲ.

ಪ್ರೀಮಿಯಂ ಯಾಕೆ ಏರುತ್ತದೆ?

ಮೊದಲ ಕಾರಣ ವಯಸ್ಸು. ಬಹಳಷ್ಟು ಪಾಲಿಸಿಗಳಲ್ಲಿ ವಯಸ್ಸಿನ ಪಟ್ಟಿಗಳಿರುತ್ತವೆ. 46ರಿಂದ 50, 51ರಿಂದ 55 ಹೀಗೆ. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದ ವರ್ಷ ಪ್ರೀಮಿಯಂ ಜಿಗಿಯುತ್ತದೆ. ಫ್ಲೋಟರ್ ಪಾಲಿಸಿಯಲ್ಲಿ ಮನೆಯ ಅತಿ ಹಿರಿಯ ಸದಸ್ಯರ ವಯಸ್ಸನ್ನು ಹಿಡಿದು ಲೆಕ್ಕ ಹಾಕುತ್ತಾರೆ. 68 ವರ್ಷದ ತಾಯಿಯನ್ನು ಅದೇ ಪಾಲಿಸಿಗೆ ಸೇರಿಸಿದರೆ ಇಡೀ ಮನೆಯ ಲೆಕ್ಕ ಅವರ ವಯಸ್ಸಿಗೆ ಏರುತ್ತದೆ.

ಎರಡನೆಯದು ಇಡೀ ಪಾಲಿಸಿಯ ದರ ಪರಿಷ್ಕರಣೆ. ಒಬ್ಬರು ಕ್ಲೇಮ್ ಮಾಡಿದರು ಎಂಬ ಕಾರಣಕ್ಕೆ ಅವರೊಬ್ಬರ ರಿನ್ಯೂವಲ್ ಪ್ರೀಮಿಯಂ ಏರಿಸುವಂತಿಲ್ಲ, ರಿನ್ಯೂವಲ್ ನಿರಾಕರಿಸುವಂತೆಯೂ ಇಲ್ಲ. ಆದರೆ ಆ ಪಾಲಿಸಿ ಕೊಂಡ ಎಲ್ಲರ ಒಟ್ಟು ಕ್ಲೇಮ್ ಜಾಸ್ತಿಯಾದರೆ ಎಲ್ಲರ ದರವನ್ನೂ ಒಟ್ಟಿಗೆ ಏರಿಸಬಹುದು. ‘ನಾನು ಒಂದಿನಾನೂ ಆಸ್ಪತ್ರೆಗೆ ಅಡ್ಮಿಟ್ ಆಗಿಲ್ಲ, ನಂದ್ಯಾಕೆ ಏರ್ತು’ ಎಂಬ ಪ್ರಶ್ನೆಗೆ ಉತ್ತರ ಇದು.

ಇದಕ್ಕೆ ಕಡಿವಾಣ ಇಲ್ಲವೇ? ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) 2025ರ ಜನವರಿ ಕೊನೆಯಲ್ಲಿ ಒಂದು ಆದೇಶ ಹೊರಡಿಸಿತು. ಹಿರಿಯ ನಾಗರಿಕರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ಪ್ರಾಧಿಕಾರದ ಜೊತೆ ಸಮಾಲೋಚಿಸಬೇಕು. ಇದು 60 ದಾಟಿದವರಿಗೆ ಮಾತ್ರ. ಬಿಪಿ, ಶುಗರ್ ಶುರುವಾಗುವ, ಮಕ್ಕಳ ಕಾಲೇಜು ಫೀಸು ಕಟ್ಟುವ 45ರಿಂದ 59ರ ವಯಸ್ಸಿನವರಿಗೆ ಆ ರಕ್ಷಣೆ ಇಲ್ಲ. ಅಂಗಡಿ ನಡೆಸುವವರಲ್ಲಿ ಹೊರೆ ಹೊತ್ತು ಓಡುವ ವಯಸ್ಸೇ ಅದು.

ಮೂರನೆಯದು ಆಸ್ಪತ್ರೆ ಬಿಲ್. ಖಾಸಗಿ ಆಸ್ಪತ್ರೆಗಳ ದರಕ್ಕೆ ಮಿತಿ ಹಾಕಲು ರಾಜ್ಯ ಸರ್ಕಾರ 2017ರಲ್ಲಿ ಕೆಪಿಎಂಇ ಕಾಯ್ದೆ ತಿದ್ದುಪಡಿಗೆ ಹೊರಟಿತ್ತು. ನವೆಂಬರ್‌ನಲ್ಲಿ ಖಾಸಗಿ ವೈದ್ಯರು ರಾಜ್ಯಾದ್ಯಂತ ಮುಷ್ಕರ ಹೂಡಿದರು. ಕೊನೆಗೆ ಸರ್ಕಾರಿ ಯೋಜನೆಗಳಡಿಯ ಚಿಕಿತ್ಸೆಗಷ್ಟೇ ದರ ನಿಗದಿ ಎಂಬಲ್ಲಿಗೆ ತಿದ್ದುಪಡಿ ಬಂದು ನಿಂತಿತು. ಸ್ವಂತ ಖರ್ಚಿನಲ್ಲಿ ಅಥವಾ ಖಾಸಗಿ ವಿಮೆಯಲ್ಲಿ ಹೋಗುವವರಿಗೆ ಆ ಮಿತಿ ಇಲ್ಲ. ಆಸ್ಪತ್ರೆ ಬಿಲ್ ಏರಿದಂತೆ ಕ್ಲೇಮ್ ಏರುತ್ತದೆ, ಕ್ಲೇಮ್ ಏರಿದಂತೆ ಪ್ರೀಮಿಯಂ ಏರುತ್ತದೆ. ಪ್ರೀಮಿಯಂ ಒಂದನ್ನೇ ಹಿಡಿದು ಎಳೆದರೆ ಈ ಗಂಟು ಬಿಚ್ಚುವುದಿಲ್ಲ.

ಒಬ್ಬನೇ ಕೊಂಡರೆ ತೆರಿಗೆ ಇಲ್ಲ, ಕೂಡಿ ಕೊಂಡರೆ ಇದೆ

ಹಾಗಾದರೆ ಸಣ್ಣ ಮಾಲೀಕರು ಕೆಲಸಗಾರರನ್ನೂ ಸೇರಿಸಿಕೊಂಡು ಗುಂಪು ವಿಮೆ ಮಾಡಿಸಬಹುದಲ್ಲ? ಮಾಡಿಸಬಹುದು. ಸಾಮಾನ್ಯವಾಗಿ ಏಳು ಜನರಿಂದ ಗುಂಪು ಪಾಲಿಸಿ ಶುರುವಾಗುತ್ತದೆ. ಗುಂಪು ಪಾಲಿಸಿಗಳಲ್ಲಿ ಹಳೇ ಕಾಯಿಲೆಗೆ ಕಾಯುವ ಅವಧಿಯನ್ನು ಎಷ್ಟೋ ಸಲ ಬಿಟ್ಟುಕೊಡುತ್ತಾರೆ. ಯುವ ಕೆಲಸಗಾರರೂ ಇರುವುದರಿಂದ ತಲಾ ಖರ್ಚು ಇಳಿಯುತ್ತದೆ.

ಇಲ್ಲೇ ನಿಯಮದ ವಿಚಿತ್ರ ಇರುವುದು. ಸೆಪ್ಟೆಂಬರ್ 2025ರ ವಿನಾಯಿತಿ ವೈಯಕ್ತಿಕ ಪಾಲಿಸಿಗಳಿಗೆ ಮಾತ್ರ. ಗುಂಪು ಪಾಲಿಸಿಯ ಮೇಲೆ ಶೇ 18 ಜಿಎಸ್‌ಟಿ ಹಾಗೇ ಉಳಿದಿದೆ. ಕಾನೂನು ಕಡ್ಡಾಯ ಮಾಡದ ಹೊರತು ನೌಕರರ ಆರೋಗ್ಯ ವಿಮೆಗೆ ಕಟ್ಟಿದ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಕೂಡ ಸಿಗುವುದಿಲ್ಲ. ಆರು ಜನ ಕೆಲಸಗಾರರು ಮತ್ತು ತಾನು ಸೇರಿ ಏಳು ಜನರಿಗೆ 50,000 ರೂಪಾಯಿಯ ಪಾಲಿಸಿ ಮಾಡಿಸಿದರೆ, ಅದರ ಮೇಲೆ 9,000 ಜಿಎಸ್‌ಟಿ ಮಾಲೀಕನ ಜೇಬಿನಿಂದಲೇ.

ದೊಡ್ಡ ಕಂಪನಿಗೆ ಈ ಮೊತ್ತ ಲೆಕ್ಕಕ್ಕಿಲ್ಲ. ಏಳು ಜನರ ವರ್ಕ್‌ಶಾಪ್‌ಗೆ ಮಾತ್ರ ಮಾಡಿಸಬೇಕೋ ಬೇಡವೋ ಎಂದು ನಿರ್ಧರಿಸುವ ಮೊತ್ತವೇ ಅದು. ಮಾಲೀಕನಿಗೂ ಕೆಲಸಗಾರನಿಗೂ ಒಟ್ಟಿಗೆ ರಕ್ಷಣೆ ಕೊಡಬಲ್ಲ ಪಾಲಿಸಿಗೇ ತೆರಿಗೆ ಉಳಿಸಿಕೊಂಡಿದ್ದು ಸರಿಯಲ್ಲ.

ಆದಾಯ ತೆರಿಗೆಯಲ್ಲೂ ಸಮಾಧಾನ ಕಮ್ಮಿ. ವಿಮೆ ಪ್ರೀಮಿಯಂಗೆ 25,000 ರೂಪಾಯಿವರೆಗೆ ಕಡಿತ ಕೊಡುವ ನಿಯಮ ಹಳೇ ತೆರಿಗೆ ಪದ್ಧತಿಗಷ್ಟೇ ಅನ್ವಯ. ಹೊಸ ಪದ್ಧತಿಗೆ ಹೋದವರಿಗೆ ಅದು ಇಲ್ಲ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯೇ ಬೀಳುವುದಿಲ್ಲ ಎಂಬ ವಾದ ನ್ಯಾಯವೇ. ಆದರೆ ವಿಮೆ ಕಟ್ಟಿದವನಿಗೂ ಕಟ್ಟದವನಿಗೂ ಅಲ್ಲಿ ವ್ಯತ್ಯಾಸ ಉಳಿದಿಲ್ಲ.

ಕೆಲಸಗಾರನ ವಿಮೆ ಅಂದರೆ ಮಾಲೀಕನ ಗಲ್ಲಾ

ಎರಡು ವರ್ಷದ ಹಿಂದೆ ಇದೇ ಪ್ರೆಸ್‌ನ ಮಷಿನ್ ಆಪರೇಟರ್ ಪತ್ನಿಗೆ ಆಪರೇಷನ್ ಆಯಿತು. ಬಿಪಿಎಲ್ ಕಾರ್ಡ್ ಇತ್ತು. ಆದರೆ ತಪಾಸಣೆ, ಓಡಾಟ, ಹೊರಗಿನ ಔಷಧಿಗೆಂದು 40,000 ರೂಪಾಯಿ ಅಡ್ವಾನ್ಸ್ ಬೇಕಾಯಿತು. ಕೊಟ್ಟದ್ದು ಮಾಲೀಕರು. ತಿಂಗಳಿಗೆ 2,000ದಂತೆ ಹಿಡಿದುಕೊಂಡರೆ 20 ತಿಂಗಳು. ನಡುವೆ ಹಬ್ಬ, ಶಾಲೆ ಫೀಸು ಅಂತ ಬಿಟ್ಟ ತಿಂಗಳೂ ಇವೆ. ಸಣ್ಣ ಅಂಗಡಿಗಳಲ್ಲಿ ಆರೋಗ್ಯ ವಿಮೆ ನಡೆಯುವುದು ಹೀಗೆ, ಗಲ್ಲಾ ಪೆಟ್ಟಿಗೆಯಿಂದ.

ಮಾಲೀಕನೇ ಆಸ್ಪತ್ರೆ ಸೇರಿದರೆ ಮಷಿನ್ ನಿಲ್ಲುತ್ತದೆ. ಮಷಿನ್ ನಿಂತರೆ ಆರು ಮನೆಯ ಸಂಬಳ ನಿಲ್ಲುತ್ತದೆ. ಒಬ್ಬ ಸಣ್ಣ ಮಾಲೀಕನ ಪಾಲಿಸಿ ರದ್ದಾಗುವುದು ಅವನೊಬ್ಬನ ಮನೆಯ ಸುದ್ದಿ ಅಲ್ಲ.

ಸದ್ಯಕ್ಕೆ ಮಾಡಬಹುದಾದದ್ದು

ಸರ್ಕಾರ ಬದಲಾಗುವವರೆಗೆ ಕಾಯುವಂತಿಲ್ಲ. ಇರುವ ನಿಯಮದಲ್ಲೇ ಕೆಲವು ದಾರಿಗಳಿವೆ.

ಒಂದು, ಪೋರ್ಟಬಿಲಿಟಿ. ಕಂಪನಿ ಬದಲಿಸಬೇಕೆಂದರೆ ರಿನ್ಯೂವಲ್ ದಿನಕ್ಕೆ ಕನಿಷ್ಠ 45 ದಿನ ಮೊದಲೇ ಅರ್ಜಿ ಹಾಕಬೇಕು. ಹಳೇ ಕಂಪನಿಯಲ್ಲಿ ಮುಗಿಸಿದ ಕಾಯುವ ಅವಧಿ ಹೊಸ ಕಂಪನಿಯಲ್ಲೂ ಲೆಕ್ಕಕ್ಕೆ ಬರುತ್ತದೆ. ಆದರೆ ಹೊಸ ಕಂಪನಿ ಆರೋಗ್ಯ ನೋಡಿ ಬೇಡ ಎನ್ನಬಹುದು. ಒಪ್ಪಿಗೆ ಕೈಗೆ ಬರುವವರೆಗೆ ಹಳೇ ಪಾಲಿಸಿ ಬಿಡಬಾರದು.

ಎರಡು, ಹಿರಿಯರನ್ನು ಬೇರೆ ಪಾಲಿಸಿಗೆ ಹಾಕುವುದು. ತಂದೆ ತಾಯಿಗೆ ಪ್ರತ್ಯೇಕ ಪಾಲಿಸಿ ಇದ್ದರೆ ಮನೆಯ ಉಳಿದವರ ಲೆಕ್ಕ ಕಮ್ಮಿ ವಯಸ್ಸಿಗೆ ಇಳಿಯುತ್ತದೆ.

ಮೂರು, ಸೂಪರ್ ಟಾಪ್‌ಅಪ್. 10 ಅಥವಾ 15 ಲಕ್ಷದ ಒಂದೇ ಪಾಲಿಸಿಗೆ ಬದಲು 5 ಲಕ್ಷದ ಮೂಲ ಪಾಲಿಸಿ, ಅದರ ಮೇಲಿನ ಖರ್ಚಿಗೆ ಸೂಪರ್ ಟಾಪ್‌ಅಪ್ ಇಟ್ಟುಕೊಂಡರೆ ಒಟ್ಟು ಪ್ರೀಮಿಯಂ ಸಾಮಾನ್ಯವಾಗಿ ಇಳಿಯುತ್ತದೆ.

ನಾಲ್ಕು, ಅಗ್ಗ ಅಂತ ಕೊಳ್ಳುವ ಮೊದಲು ರೂಮ್ ಬಾಡಿಗೆ ಷರತ್ತು ಓದುವುದು. 3 ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ ಶೇ 1 ಎಂದಿದ್ದರೆ ರೂಮಿಗೆ ಸಿಗುವುದು 3,000. ರೋಗಿ 5,000ದ ರೂಮಿನಲ್ಲಿದ್ದರೆ ಕಡಿತ ಬಾಡಿಗೆಗೆ ಮಾತ್ರ ನಿಲ್ಲುವುದಿಲ್ಲ. ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಚಾರ್ಜುಗಳನ್ನೂ ಅದೇ ಪ್ರಮಾಣದಲ್ಲಿ, ಅಂದರೆ ನೂರಕ್ಕೆ ಅರವತ್ತರಂತೆ ಕೊಡಬಹುದು. ಪ್ರೀಮಿಯಂನಲ್ಲಿ ಉಳಿದ ನಾಲ್ಕು ಸಾವಿರ ಡಿಸ್ಚಾರ್ಜ್ ದಿನ ಎಷ್ಟೋ ಪಟ್ಟು ಆಗಿ ತಿರುಗಿ ಬರುತ್ತದೆ.

ಐದು, ಯಶಸ್ವಿನಿ. ಸಹಕಾರ ಸಂಘಗಳ ಸದಸ್ಯರಿಗಾಗಿ ರಾಜ್ಯ ಸರ್ಕಾರ ಮತ್ತೆ ಶುರು ಮಾಡಿದ ಈ ಯೋಜನೆ 2023ರ ಜನವರಿಯಿಂದ ಜಾರಿಗೆ ಬಂತು. ಗ್ರಾಮೀಣ ಸಂಘದ ನಾಲ್ಕು ಜನರ ಕುಟುಂಬಕ್ಕೆ 500, ನಗರ ಸಂಘದ ಕುಟುಂಬಕ್ಕೆ 1,000 ರೂಪಾಯಿ ವಂತಿಗೆಯಲ್ಲಿ 5 ಲಕ್ಷದವರೆಗಿನ ಚಿಕಿತ್ಸೆ ಎಂದು ಅದನ್ನು ರೂಪಿಸಲಾಯಿತು. ಪಟ್ಟಿಯಲ್ಲಿರುವ ಚಿಕಿತ್ಸೆ, ಒಪ್ಪಂದವಿರುವ ಆಸ್ಪತ್ರೆ ಎಂಬ ಮಿತಿಗಳಿವೆ. ನೋಂದಣಿ ನಿಗದಿತ ಅವಧಿಯಲ್ಲಷ್ಟೇ. ಬೇರೆ ವಿಮೆ ಇರುವವರು ಸೇರಬಹುದೇ ಎಂಬ ಷರತ್ತನ್ನು ಸಂಘದಲ್ಲೇ ಕೇಳಿ ಖಚಿತ ಮಾಡಿಕೊಳ್ಳಬೇಕು. ಪತ್ತಿನ ಸಹಕಾರ ಸಂಘದ ಸದಸ್ಯರಾಗಿರುವ ಕೆಲಸಗಾರರಿಗಂತೂ ಇದು ಕೈಗೆಟುಕುವ ದಾರಿ.

ಕ್ಲೇಮ್ ವಿಚಾರದಲ್ಲಿ ಅನ್ಯಾಯವಾದರೆ ಮೊದಲು ಕಂಪನಿಗೆ ಲಿಖಿತ ದೂರು, ಆಮೇಲೆ ಪ್ರಾಧಿಕಾರದ ‘ಬಿಮಾ ಭರೋಸಾ’ ಪೋರ್ಟಲ್ ಅಥವಾ 155255 ಸಹಾಯವಾಣಿ. ಅಲ್ಲೂ ಆಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಅಲ್ಲಿ ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಡ.

ಆಗಬೇಕಾದದ್ದು

ಇವೆಲ್ಲ ಒಬ್ಬೊಬ್ಬರು ಮಾಡಿಕೊಳ್ಳುವ ಉಪಾಯ. ಮೂಲ ಸಮಸ್ಯೆ ಸಣ್ಣ ಮಾಲೀಕ ಒಂಟಿಯಾಗಿರುವುದು. ಹತ್ತಕ್ಕಿಂತ ಕಮ್ಮಿ ಜನ ಇರುವ ಸಂಸ್ಥೆಗಳ ಗುಂಪು ಪಾಲಿಸಿಗೂ ಜಿಎಸ್‌ಟಿ ವಿನಾಯಿತಿ ಸಿಗಬೇಕು. ಅಂಥ ಸಂಸ್ಥೆಗಳ ಮಾಲೀಕನಿಗೂ ಕಂತು ಕಟ್ಟಿ ಇಎಸ್‌ಐ ಸೇರುವ ಅವಕಾಶ ಬೇಕು. ಹಿರಿಯರಿಗೆ ಇರುವ ಶೇ 10ರ ಕಡಿವಾಣ 45 ದಾಟಿದವರಿಗೂ ಬರಬೇಕು. ಮೊದಲೆರಡು ದೆಹಲಿಯಲ್ಲಿ ಆಗಬೇಕಾದ ಕೆಲಸ, ಮೂರನೆಯದು ಪ್ರಾಧಿಕಾರದ ಕೆಲಸ. ಆದರೆ ಜಿಎಸ್‌ಟಿ ಮಂಡಳಿಯಲ್ಲಿ ರಾಜ್ಯಕ್ಕೂ ಕುರ್ಚಿ ಇದೆ. ಜಿಲ್ಲೆಯ ವರ್ತಕರ ಸಂಘಟನೆಗಳು ಹೋಗಿ ಕೇಳಬಹುದಾದ ಬಾಗಿಲು ಅದು.

ಪ್ರೆಸ್ ಮಾಲೀಕರ ರಿನ್ಯೂವಲ್ ಕೊನೇ ದಿನ ಫೆಬ್ರುವರಿ 12. ಅವರು ಕಟ್ಟಿದ್ದು ಮಾರ್ಚ್ 3ಕ್ಕೆ, ಪೇಪರ್ ಡೀಲರ್ ಬಾಕಿಯನ್ನು ಮುಂದಕ್ಕೆ ಹಾಕಿ. 30 ದಿನದ ಗ್ರೇಸ್ ಅವಧಿ ಇದ್ದುದರಿಂದ ಪಾಲಿಸಿ ಉಳಿಯಿತು, ಇಷ್ಟು ವರ್ಷ ಮುಗಿಸಿದ ಕಾಯುವ ಅವಧಿಯೂ ಉಳಿಯಿತು. ಆದರೆ ವಾರ್ಷಿಕ ಕಂತಿನ ಪಾಲಿಸಿಯಲ್ಲಿ ದುಡ್ಡು ಕಟ್ಟದ ದಿನಗಳಿಗೆ ರಕ್ಷಣೆ ಇರುವುದಿಲ್ಲ. ಆ ನಡುವೆ ಮನೆಯವರು ಯಾರಾದರೂ ಆಸ್ಪತ್ರೆ ಸೇರಿದ್ದರೆ ಕಂಪನಿ ಒಂದು ರೂಪಾಯಿಯನ್ನೂ ಕೊಡಬೇಕಿರಲಿಲ್ಲ.

‘ಹತ್ತೊಂಬತ್ತು ದಿನ ಬೈಕ್ ಹತ್ತೋಕೂ ಹೆದರ್ಕೆ ಆಗ್ತಿತ್ತು. ಮುಂದಿನ ವರ್ಷ ಎಷ್ಟು ಬರುತ್ತೋ ನೋಡ್ಬೇಕು’ ಎಂದು ಹೇಳಿ ಅವರು ಮಷಿನ್ ಕಡೆ ಹೋದರು. ಸಂಜೆಯೊಳಗೆ ಐನೂರು ಲಗ್ನಪತ್ರಿಕೆ ಕೊಡಬೇಕಿತ್ತು.